ಒಡೆದ ಬಟ್ಟಲಿಗೊಂದು ಮಾತು

(ನಮ್ಮೂರ ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ನಡೆಯುವ ಉಪನ್ಯಾಸದಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಸಮಯ ಸಾಲದೆ ಬಿಟ್ಟ ಒಂದೆರಡು ಸಂಗತಿಗಳನ್ನು ಸೇರಿಸಿದ್ದೇನೆ. ಸಭಿಕರು ಕೇಳಿದ ಎರಡು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಚೀನಾದ ಸುಝೌ ನಗರದಲ್ಲಿ ನಾನು ಕೆಲಸದ ಮೇಲೆ ನಾಲ್ಕು ವರ್ಷ ಇದ್ದೆ. ಶಾಂಘೈಯಿಂದ ಪಶ್ಚಿಮಕ್ಕೆ, ವೇಗದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಕಾಲುವೆಗಳ ಊರು, ರೇಷ್ಮೆಯ ಊರು. ನಾನಿದ್ದ ಬಾಡಿಗೆ ಮನೆಯ ಒಡತಿಗೆ ಅರವತ್ತು ದಾಟಿತ್ತು. ನಮ್ಮಲ್ಲಿ ಅತ್ತೆ, ದೊಡ್ಡಮ್ಮ ಅಂದ ಹಾಗೆ ಅಲ್ಲಿ ಅಂಥವರನ್ನು ‘ಆಯೀ’ ಎಂದು ಕರೆಯುತ್ತಾರೆ. ಮೊದಲ ವರ್ಷ ರಜೆಗೆ ಬಂದವಳು ವಾಪಸು ಹೋಗುವಾಗ ಅವರಿಗೆಂದು ಮೈಸೂರಿನಿಂದ ಬೀಟೆ ಮರದ ಕುಸುರಿಯ ಗೋಡೆ ಗಡಿಯಾರ ಒಯ್ದೆ. ಅಂಬಾರಿ ಹೊತ್ತ ಆನೆ, ಅದರ ಪಕ್ಕದಲ್ಲಿ ಗಂಟೆ ಮುಳ್ಳು, ನಿಮಿಷದ ಮುಳ್ಳು. ಕಾಗದ ಬಿಚ್ಚುತ್ತಿದ್ದ ಹಾಗೇ ಆಯೀ ಮುಖ ಸಣ್ಣದಾಯಿತು. ಏನೂ ಹೇಳಲಿಲ್ಲ. ಒಳಗೆ ಹೋಗಿ ಒಂದು ಯುವಾನಿನ ನಾಣ್ಯ ತಂದು ನನ್ನ ಅಂಗೈಯಲ್ಲಿಟ್ಟು, ಬೆರಳು ಮಡಿಸಿ, ‘ಇದನ್ನು ನಾನು ನಿನ್ನಿಂದ ಕೊಂಡುಕೊಂಡೆ’ ಅಂದರು. ಆಮೇಲೆ ನಕ್ಕರು. ಗಡಿಯಾರ ಅವತ್ತೇ ಗೋಡೆ ಏರಿತು.

ಮರುದಿನ ಆಫೀಸಿನ ಗೆಳತಿ ಬಿಡಿಸಿ ಹೇಳಿದಳು. ಗಡಿಯಾರ ಉಡುಗೊರೆ ಕೊಡುವುದಕ್ಕೆ ಚೀನೀ ಮಾತಿನಲ್ಲಿ ‘ಸೊಂಗ್ ಜೊಂಗ್’ ಎನ್ನಬೇಕು. ಅದೇ ಸದ್ದಿನ ಇನ್ನೊಂದು ಮಾತಿದೆ. ಸಾಯುವ ಹಿರಿಯರ ತಲೆದೆಸೆಯಲ್ಲಿ ಕೂತು ಕೊನೆಗಾಲದ ಸೇವೆ ಮಾಡಿ ಕಳುಹಿಸಿಕೊಡುವುದು, ಅದೂ ‘ಸೊಂಗ್ ಜೊಂಗ್’. ಬರೆಯುವ ಅಕ್ಷರ ಬೇರೆ, ಕಿವಿಗೆ ಬೀಳುವುದು ಒಂದೇ. ಅಷ್ಟು ವಯಸ್ಸಾದವರ ಕೈಗೆ ನಾನು ಕೊಟ್ಟದ್ದು ಅದು. ಅವರು ಬೈಯಲಿಲ್ಲ, ಹಿಂದಿರುಗಿಸಲಿಲ್ಲ. ‘ಕೊಡುವುದು’ ಎಂಬ ಕೆಲಸವೇ ನಡೆಯದ ಹಾಗೆ ಮಾಡಿದರು. ಮಾರಿದ್ದಕ್ಕೆ, ಕೊಂಡದ್ದಕ್ಕೆ ‘ಸೊಂಗ್’ ಎನ್ನುವುದಿಲ್ಲವಲ್ಲ.

ಈ ತಪ್ಪು ದೊಡ್ಡವರಿಂದಲೂ ಆಗಿದೆ. 2015ರ ಜನವರಿಯಲ್ಲಿ ಬ್ರಿಟನ್ನಿನ ಸಚಿವೆ ಸೂಸನ್ ಕ್ರೇಮರ್ ತೈಪೆ ನಗರದ ಮೇಯರ್ ಕೋ ವೆನ್-ಜೆ ಅವರಿಗೆ ಒಂದು ಜೇಬು ಗಡಿಯಾರ ಕೊಟ್ಟರು. ದೊಡ್ಡ ಸುದ್ದಿಯಾಯಿತು, ಆಕೆ ಕ್ಷಮೆ ಕೇಳಬೇಕಾಯಿತು. ಹಾಗೆ ನೋಡಿದರೆ ಜೇಬು ಗಡಿಯಾರಕ್ಕೆ, ಕೈಗಡಿಯಾರಕ್ಕೆ ಅಲ್ಲಿ ಬೇರೆಯೇ ಪದವಿದೆ. ಸದ್ದು ಸೇರುವುದು ಗೋಡೆ ಗಡಿಯಾರಕ್ಕೆ, ಮೇಜಿನ ಗಡಿಯಾರಕ್ಕೆ. 1601ರಲ್ಲಿ ಇಟಲಿಯ ಪಾದ್ರಿ ಮತ್ತೆಯೊ ರಿಚ್ಚಿ ಬೀಜಿಂಗ್‌ನಲ್ಲಿ ವಾನ್‌ಲೀ ಚಕ್ರವರ್ತಿಗೆ ತಾನೇ ಬಾರಿಸುವ ಗಡಿಯಾರಗಳನ್ನೇ ಕಾಣಿಕೆ ಕೊಟ್ಟಿದ್ದ. ಚಕ್ರವರ್ತಿ ಅವನ್ನು ಮೆಚ್ಚಿ ಇಟ್ಟುಕೊಂಡ. ಮುಂದಿನ ಚಿಂಗ್ ದೊರೆಗಳು ಸಂಗ್ರಹಿಸಿದ ಗಡಿಯಾರಗಳಿಗೆ ಬೀಜಿಂಗ್ ಅರಮನೆಯಲ್ಲಿ ಇವತ್ತು ಒಂದು ಪ್ರತ್ಯೇಕ ಪ್ರದರ್ಶನ ಶಾಲೆಯೇ ಇದೆ. ಅರಮನೆ ಸಂತೋಷದಿಂದ ತೆಗೆದುಕೊಂಡದ್ದನ್ನು ಆಯೀ ಮನೆ ನಾಣ್ಯ ಕೊಟ್ಟು ತೆಗೆದುಕೊಂಡಿತು. ಇಂಥ ಕಟ್ಟಳೆಗಳು ಎಲ್ಲ ಕಾಲಕ್ಕೂ ಎಲ್ಲ ಮನೆಗೂ ಒಂದೇ ಅಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ಚೀನೀಯರ ದಿನಬಳಕೆಯ ನಿಷೇಧಗಳೆಂದರೆ ದೆವ್ವ, ಭೂತ, ಡ್ರ್ಯಾಗನ್ ಎಂದು ಎಣಿಸಿಕೊಂಡು ಹೋದವಳು ನಾನು. ನಾಲ್ಕು ವರ್ಷದಲ್ಲಿ ಕಂಡದ್ದು ಬೇರೆ. ಅವುಗಳಲ್ಲಿ ದೊಡ್ಡ ಪಾಲು ಹುಟ್ಟಿರುವುದು ಕಿವಿಯಲ್ಲಿ. ಸದ್ದಿನಿಂದ ತಗುಲಿದ ಕೇಡಿಗೆ ಸದ್ದಿನಲ್ಲೇ ಮದ್ದನ್ನೂ ಅವರು ಇಟ್ಟುಕೊಂಡಿದ್ದಾರೆ. ಇವತ್ತು ಮುಖ್ಯವಾಗಿ ಅದನ್ನೇ ಹೇಳಬೇಕೆಂದು ಬಂದಿದ್ದೇನೆ.

ಮ್ಯಾಂಡರಿನ್ ಭಾಷೆಯಲ್ಲಿ ದನಿಯ ಏರಿಳಿತ ಬಿಟ್ಟು ಎಣಿಸಿದರೆ ಸುಮಾರು 400 ಉಚ್ಚಾರಗಳಿವೆ. ಏರಿಳಿತವನ್ನೂ ಸೇರಿಸಿದರೆ ಸುಮಾರು 1300. ಅಷ್ಟರಲ್ಲೇ ಅಷ್ಟು ದೊಡ್ಡ ನಾಡಿನ ಮಾತೆಲ್ಲ ನಡೆಯಬೇಕು. ಹಾಗಾಗಿ ಯಾವ ಪದವೂ ಒಂಟಿಯಲ್ಲ; ಒಂದೊಂದರ ಪಕ್ಕದ ಮನೆಯಲ್ಲೂ ಅದೇ ಸದ್ದಿನ ಇನ್ನೊಂದು ಪದ ವಾಸವಾಗಿದೆ. ಆ ನೆರೆಯವನು ಸಂಪತ್ತಾದರೆ ಸರಿ, ಸಾವಾದರೆ ಕಷ್ಟ.

ನಮ್ಮಲ್ಲೂ ಇಂಥ ಜೋಡಿಗಳಿಲ್ಲದೆ ಇಲ್ಲ. ‘ಆರು’ ಎಂದರೆ 6, ದೀಪ ನಂದುವುದೂ ಆರುವುದೇ. ಆದರೂ ಆರನೇ ಮಹಡಿಯನ್ನು ಯಾರೂ ಬಿಟ್ಟು ಕಟ್ಟಿಲ್ಲ. ದೀಪದ ವಿಷಯಕ್ಕೆ ಬಂದಾಗ ಮಾತ್ರ ನಮ್ಮ ಅಜ್ಜಿಯರು ‘ಆರಿಸು’ ಎನ್ನದೆ ‘ದೊಡ್ಡದು ಮಾಡು’ ಎಂದರು. ನಾವು ಅಂಜಿದ್ದು ಅರ್ಥಕ್ಕೆ. ಚೀನೀಯರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಬರಿಯ ಸದ್ದಿಗೂ ಅಂಜಿದರು.

ಎಲ್ಲರಿಗೂ ಗೊತ್ತಿರುವುದು 4ರ ಕಥೆ. ನಾಲ್ಕಕ್ಕೂ ಸಾವಿಗೂ ಒಂದೇ ಉಚ್ಚಾರ. ನಾಲ್ಕು ಎನ್ನುವಾಗ ದನಿ ಮೇಲಿಂದ ಕೆಳಕ್ಕೆ ಬೀಳುತ್ತದೆ, ಸಾವು ಎನ್ನುವಾಗ ಕೆಳಗಿಳಿದು ಏಳುತ್ತದೆ, ಅಷ್ಟೇ ವ್ಯತ್ಯಾಸ. ಕ್ಯಾಂಟನೀಸ್ ಭಾಷೆಯಲ್ಲೂ ಹಾಗೆಯೇ. ಆದ್ದರಿಂದ ಲಿಫ್ಟ್‌ನಲ್ಲಿ 3 ಆದ ಮೇಲೆ 5. ಹದಿನಾಲ್ಕಿಲ್ಲ, ಇಪ್ಪತ್ನಾಲ್ಕಿಲ್ಲ. ಹಾಂಗ್‌ಕಾಂಗ್‌ನ ಕೆಲವು ಕಟ್ಟಡಗಳಲ್ಲಿ ನಲವತ್ತರ ಸಾಲೇ ಇಲ್ಲ, 39 ಆದ ಮೇಲೆ ನೇರ 50. ಕೆನಡಾದ ವ್ಯಾಂಕೂವರ್‌ನಲ್ಲೂ ಚೀನೀ ಕೊಳ್ಳುಗರಿಗಾಗಿ ಹೀಗೆ ಮಹಡಿ ಹಾರಿಸುತ್ತಿದ್ದರು. ಬೆಂಕಿ ಬಿದ್ದಾಗ ಮಹಡಿ ಎಣಿಸಿಕೊಂಡು ಓಡುವವರಿಗೆ ಗೊಂದಲವಾಗುತ್ತದೆ ಎಂದು 2015ರಲ್ಲಿ ಆ ನಗರ ಅದನ್ನು ನಿಲ್ಲಿಸಿತು.

ಬೀಜಿಂಗ್‌ನ ರಸ್ತೆಯಲ್ಲಿ ಈ ಅಂಜಿಕೆ ಕಣ್ಣಿಗೇ ಕಾಣುತ್ತದೆ. 2008ರ ಒಲಿಂಪಿಕ್ಸ್ ಮುಗಿದ ಮೇಲೆ ಅಲ್ಲಿ ಒಂದು ನಿಯಮ ಬಂತು. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಎರಡು ಅಂಕಿಗಳ ಸರದಿ. ನಂಬರ್ ಪ್ಲೇಟಿನ ಕೊನೆಯಲ್ಲಿ ಆ ಅಂಕಿ ಇರುವ ಕಾರು ಅಂದು ಹೊರಡಕೂಡದು. 1 ಮತ್ತು 6 ಒಂದು ಜೋಡಿ, 4 ಮತ್ತು 9 ಒಂದು ಜೋಡಿ. 4 ಮತ್ತು 9ರ ಸರದಿ ಬಂದ ದಿನ ಟ್ರಾಫಿಕ್ ಹೆಚ್ಚು. ಕಾರಣ ಸರಳ: 4 ಬೇಕೆಂದು ನಂಬರ್ ತೆಗೆದುಕೊಂಡವರೇ ಕಡಿಮೆ. ಹಾಗಾಗಿ ಆ ದಿನ ಮನೆಯಲ್ಲಿ ನಿಲ್ಲುವ ಕಾರುಗಳೂ ಕಡಿಮೆ. ‘ನಾನು ಇದನ್ನೆಲ್ಲ ನಂಬಲ್ಲಪ್ಪ’ ಎನ್ನುವ ಲಕ್ಷಾಂತರ ಜನ ಪ್ಲೇಟು ಆರಿಸುವ ಹೊತ್ತಿಗೆ ಏನು ಮಾಡಿದರು ಎಂಬುದನ್ನು ಆ ದಿನದ ರಸ್ತೆಯೇ ಹೇಳುತ್ತದೆ.

8ರ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಬಾ’ ಎಂದರೆ 8. ಏಳಿಗೆಗೆ, ಹಣವಂತಿಕೆಗೆ ‘ಫಾ’. ಸಿಚುವಾನ್ ಏರ್‌ಲೈನ್ಸ್ ಎಂಟು ಎಂಟುಗಳಿರುವ ಫೋನ್ ನಂಬರಿಗೆ 2003ರಲ್ಲಿ 23 ಲಕ್ಷ 30 ಸಾವಿರ ಯುವಾನ್ ಕೊಟ್ಟಿತು. ಬೀಜಿಂಗ್ ಒಲಿಂಪಿಕ್ಸ್ ಶುರುವಾದದ್ದು 2008ರ ಎಂಟನೇ ತಿಂಗಳ ಎಂಟನೇ ತಾರೀಖು ರಾತ್ರಿ 8 ಗಂಟೆಗೆ.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಊಟದ ಕಡ್ಡಿಗಳ ಕಥೆ. ಅದು ನಾನಿದ್ದ ಸೀಮೆಯದೇ.

ಅನ್ನ ತಿನ್ನುವ ಆ ಎರಡು ಕಡ್ಡಿಗಳಿಗೆ ಹಳೆಯ ಚೀನೀಯಲ್ಲಿ ‘ಜೂ’ ಎಂದು ಹೆಸರು. ಸುಝೌ ಸುತ್ತಿನ ಸೀಮೆಗೆ ವೂ ಎನ್ನುತ್ತಾರೆ. ನೀರಿನ ನಾಡು ಅದು, ದೋಣಿಯವರ ನಾಡು. ನಿಲ್ಲುವುದಕ್ಕೂ ‘ಜೂ’ ಎಂದೇ ಅನ್ನಬೇಕು. ಸರಕು ತುಂಬಿದ ದೋಣಿಯ ಮೇಲೆ ಕೂತು ದಿನಕ್ಕೆ ಮೂರು ಸಲ ‘ನಿಲ್ಲು ಕೊಡು, ನಿಲ್ಲು ಕೊಡು’ ಎಂದರೆ ಯಾವ ಅಂಬಿಗ ತಾಳಿಯಾನು? ಅವರು ಪದವನ್ನೇ ತಿರುಗಿಸಿದರು. ‘ಜೂ’ ಬಿಟ್ಟು ‘ಕ್ವಾಯ್’ ಎಂದರು. ಕ್ವಾಯ್ ಎಂದರೆ ವೇಗ, ಬೇಗ. ಮಿಂಗ್ ಕಾಲದ ಅಧಿಕಾರಿ ಲೂ ರೊಂಗ್ ಎಂಬಾತ (1436–1494) ಇದನ್ನು ಬರೆದಿಟ್ಟಿದ್ದಾನೆ. ಆತ ಸುಝೌ ಪಕ್ಕದ ತಾಯ್‌ಸಾಂಗ್‌ನವನು. ಇಂಥ ನಿಷೇಧಗಳು ಎಲ್ಲ ಕಡೆಯೂ ಇವೆ, ವೂ ಸೀಮೆಯಲ್ಲಿ ಮಾತ್ರ ವಿಪರೀತ ಎಂದು ತನ್ನ ಊರಿನವರ ಬಗ್ಗೆಯೇ ಹೇಳುತ್ತಾನೆ. ದೋಣಿಯ ಅಂಬಿಗರ ಆ ಅಡ್ಡಮಾತು ಮೆಲ್ಲಗೆ ದಡ ಹತ್ತಿತು. ಪೇಟೆಗೆ ಬಂತು, ಮನೆಯೊಳಗೆ ಬಂತು. ಅಕ್ಷರ ಬರೆಯುವವರು ‘ವೇಗ’ದ ಅಕ್ಷರದ ತಲೆಯ ಮೇಲೆ ಬಿದಿರಿನ ಗುರುತು ಏರಿಸಿ ಅದಕ್ಕೊಂದು ಹೊಸ ಅಕ್ಷರವನ್ನೇ ಮಾಡಿದರು. ಇವತ್ತು ಮ್ಯಾಂಡರಿನ್ ಆಡುವವರೆಲ್ಲ ‘ಕ್ವಾಯ್‌ಝ’ ಎನ್ನುವುದು ಆ ಅಂಬಿಗರು ತಮ್ಮ ಅಂಜಿಕೆಗೆ ಹಚ್ಚಿಕೊಂಡ ಮುಲಾಮನ್ನು. ಹಳೆಯ ಪದ ಸತ್ತಿಲ್ಲ. ಜಪಾನಿನಲ್ಲಿ ಈಗಲೂ ಹಳೆಯ ಅಕ್ಷರವನ್ನೇ ಬರೆಯುತ್ತಾರೆ. ತೈವಾನಿನ ಹೊಕ್ಕಿಯೆನ್ ಮಾತಿನಲ್ಲಿ ಅದು ‘ಟೀ’ ಎಂದು ಉಳಿದಿದೆ.

ಲೂ ರೊಂಗ್‌ನ ಆ ಸಣ್ಣ ಟಿಪ್ಪಣಿಯಲ್ಲಿ ಇನ್ನೂ ಇದೆ. ಪಿಯರ್ ಹಣ್ಣಿಗೆ ‘ಲೀ’ ಎನ್ನಬೇಕು, ಅಗಲುವುದಕ್ಕೂ ‘ಲೀ’. ಹಾಗಾಗಿ ಅವನ ಕಾಲದ ವೂ ಜನ ಅದನ್ನು ‘ದುಂಡು ಹಣ್ಣು’ ಎನ್ನುತ್ತಿದ್ದರಂತೆ. ಕೊಡೆಗೆ ‘ಸಾನ್’, ಚದುರಿಹೋಗುವುದಕ್ಕೂ ‘ಸಾನ್’. ಕೊಡೆಯನ್ನು ‘ನೆಟ್ಟ ಟೋಪಿ’ ಎಂದರಂತೆ. ಐನೂರು ವರ್ಷದ ಹಿಂದಿನ ಮಾತು ಇದು. ನಾನು ಇದ್ದಾಗಲೂ ಸ್ನೇಹಿತರಿಗೆ ಕೊಡೆ ಉಡುಗೊರೆ ಕೊಡುತ್ತಿರಲಿಲ್ಲ. ನಮ್ಮ ಆಫೀಸಿನಲ್ಲಿ ಒಬ್ಬ ಹುಡುಗನಿಗೂ ಒಬ್ಬಳು ಹುಡುಗಿಗೂ ಮದುವೆ ಗೊತ್ತಾಗಿತ್ತು. ಒಂದು ಮಧ್ಯಾಹ್ನ ಒಂದೇ ಪಿಯರ್ ಉಳಿದಿತ್ತು. ನಾನು ಚಾಕು ತೆಗೆದೆ. ಅವಳು ನನ್ನ ಕೈ ಹಿಡಿದಳು, ಇಡೀ ಹಣ್ಣನ್ನು ಅವನಿಗೇ ಕೊಟ್ಟಳು. ಪಿಯರ್ ಹಂಚುವುದು ‘ಫೆನ್ ಲೀ’, ಬೇರ್ಪಡುವುದೂ ‘ಫೆನ್ ಲೀ’.

ದೋಣಿಯವರ ವಿಷಯ ಬಂದದ್ದಕ್ಕೆ ಇನ್ನೊಂದು. ಮೀನುಗಾರರ ಮನೆಯಲ್ಲಿ ತಟ್ಟೆಯ ಮೀನನ್ನು ಒಂದು ಬದಿ ತಿಂದಾದ ಮೇಲೆ ಮಗುಚಿ ಹಾಕುವುದಿಲ್ಲ. ಮುಳ್ಳು ಎತ್ತಿ ಬದಿಗಿಟ್ಟು ಕೆಳಗಿನದನ್ನು ತಿನ್ನುತ್ತಾರೆ. ಮಗುಚುವುದು ದೋಣಿಯ ಮಾತು. ಚೆನ್ ಎಂಬುದು ಚೀನಾದ ಬಹಳ ದೊಡ್ಡ ಮನೆತನದ ಹೆಸರು. ಮುಳುಗುವುದಕ್ಕೂ ಅದೇ ಸದ್ದು. ಹಾಗಾಗಿ ದೋಣಿ ಹತ್ತಿದ ಚೆನ್ ಮನೆಯವನು ತನ್ನ ಹೆಸರು ಹೇಳಲು ಹಿಂದೆಮುಂದೆ ನೋಡುತ್ತಿದ್ದ. ನೀರಿನ ಮೇಲೆ ಬದುಕುವವರ ಅಂಜಿಕೆ ಇದು. ದಡದಲ್ಲಿ ನಿಂತು ಇದನ್ನು ಮೂಢತನ ಎಂದು ಕರೆಯುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಎಲ್ಲವೂ ಸದ್ದಿನದಲ್ಲ, ನೋಟದ್ದೂ ಇದೆ. ಅನ್ನದ ಬಟ್ಟಲಿನಲ್ಲಿ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು; ಸತ್ತವರ ಮುಂದೆ ಇಡುವ ಎಡೆಯಲ್ಲಿ ಊದುಬತ್ತಿ ನೆಟ್ಟ ಹಾಗೆ ಕಾಣುತ್ತದೆ. ಕಡ್ಡಿಯಿಂದ ಬಟ್ಟಲು ಬಡಿಯಬಾರದು; ಭಿಕ್ಷುಕರು ಹಾಗೆ ಬಡಿಯುತ್ತಿದ್ದರು. ಗಂಡಸರು ಹಸಿರು ಟೋಪಿ ಹಾಕಬಾರದು. ಮಿಂಗ್ ಕಾಲದಲ್ಲಿ ಸೂಳೆಗೇರಿಯ ಮನೆಗಳ ಗಂಡಸರಿಗೆ ಹಸಿರು ತಲೆವಸ್ತ್ರದ ಕಟ್ಟಪ್ಪಣೆ ಇತ್ತು. ಇವತ್ತಿಗೂ ‘ಹಸಿರು ಟೋಪಿ ಹಾಕಿದ್ದಾನೆ’ ಎಂದರೆ ಹೆಂಡತಿ ಬೇರೊಬ್ಬನ ಸಂಗ ಮಾಡಿದ್ದಾಳೆ ಎಂದು ಅರ್ಥ.

ಇನ್ನು ಹೊಸ ವರ್ಷದ ದಿನ. ನಾವು ವಸಂತದ ಹಬ್ಬ ಎನ್ನಬಹುದಾದ ಅದು ಬರುವುದು ಜನವರಿ ಕೊನೆ ಅಥವಾ ಫೆಬ್ರುವರಿಯಲ್ಲಿ. ಆ ದಿನ ಕಸ ಗುಡಿಸುವಂತಿಲ್ಲ; ಮನೆಯ ಭಾಗ್ಯವನ್ನೂ ಗುಡಿಸಿ ಆಚೆ ಹಾಕಿದ ಹಾಗೆ. ಚಾಕು ಕತ್ತರಿ ಮುಟ್ಟುವಂತಿಲ್ಲ. ತಲೆಗೆ ನೀರು ಹಾಕುವಂತಿಲ್ಲ. ಸಾಲ ಕೇಳುವಂತಿಲ್ಲ. ಸಾವು, ಕಾಯಿಲೆಯ ಸುದ್ದಿ ಎತ್ತುವಂತೆಯೇ ಇಲ್ಲ. ದೊಡ್ಡವರೇನೋ ಬಾಯಿ ಹಿಡಿದುಕೊಂಡಾರು, ಮಕ್ಕಳು? ಅದಕ್ಕೆ ಹಿಂದಿನವರು ಹಬ್ಬದ ಹಿಂದಿನ ಸಂಜೆ ಮಗುವಿನ ಬಾಯನ್ನು ಒರಟು ಕಾಗದದಿಂದ ಒರೆಸುತ್ತಿದ್ದರು. ‘ಮಕ್ಕಳ ಮಾತಿಗೆ ದೋಷವಿಲ್ಲ’ ಎಂದು ಕೆಂಪು ಕಾಗದದಲ್ಲಿ ಬರೆದು ಗೋಡೆಗೂ ಅಂಟಿಸುತ್ತಿದ್ದರು. ಮೊದಲೇ ಜಾಮೀನು ತೆಗೆದಿಡುವುದು ಎನ್ನಿ.

ಎರಡನೇ ವರ್ಷದ ಹಬ್ಬಕ್ಕೆ ಆಯೀ ನನ್ನನ್ನು ಊಟಕ್ಕೆ ಕರೆದರು. ಬಾಗಿಲ ಮೇಲೆ ‘ಫೂ’, ಅಂದರೆ ಭಾಗ್ಯ, ಎಂಬ ಅಕ್ಷರವನ್ನು ತಲೆಕೆಳಗಾಗಿ ಅಂಟಿಸಿದ್ದರು. ನಾನು ಪಾಪ ನೋಡದೆ ಅಂಟಿಸಿದ್ದಾರೆ ಎಂದುಕೊಂಡು ‘ಆಯೀ, ತಲೆಕೆಳಗಾಗಿದೆ’ ಅಂದೆ. ‘ಅದನ್ನೇ ಯಾರಾದರೂ ಬಾಯಿಬಿಟ್ಟು ಹೇಳಲಿ ಅಂತ ಕಾಯ್ತಿದ್ದೆ’ ಅಂದರು. ತಲೆಕೆಳಗಾಗುವುದು ‘ದಾವ್’, ಬಂದು ತಲುಪುವುದೂ ‘ದಾವ್’. ಭಾಗ್ಯ ಬಂತು ಎಂದು ನನ್ನ ಬಾಯಿಂದಲೇ ಹೇಳಿಸಿಕೊಂಡರು.

ಅದೇ ಊಟದಲ್ಲಿ ನನ್ನ ಕೈಯಿಂದ ಬಟ್ಟಲು ಜಾರಿತು. ಪಿಂಗಾಣಿ ಬಟ್ಟಲು, ನೆಲಕ್ಕೆ ಬಿದ್ದು ನಾಲ್ಕು ಚೂರಾಯಿತು. ವರ್ಷದ ಮೊದಲ ದಿನ ಒಡೆಯುವುದು ಎಷ್ಟು ಕೆಟ್ಟದ್ದೆಂದು ಅಷ್ಟರಲ್ಲಿ ನನಗೆ ಗೊತ್ತಿತ್ತು. ಕೈ ತಣ್ಣಗಾಯಿತು. ಚೂರುಗಳ ಸದ್ದು ನಿಲ್ಲುವ ಮುಂಚೆಯೇ ಮೇಜಿನ ಸುತ್ತ ಕೂತ ಏಳೆಂಟು ಜನ ಒಟ್ಟಿಗೆ ‘ಸ್ವೇ ಸ್ವೇ ಪಿಂಗ್ ಆನ್!’ ಅಂದರು. ಅಜ್ಜ ಅಂದರು, ಆರು ವರ್ಷದ ಮೊಮ್ಮಗಳೂ ಅಂದಳು. ‘ಸ್ವೇ’ ಎಂದರೆ ಚೂರಾಗುವುದು. ‘ಸ್ವೇ’ ಎಂದರೆ ವರ್ಷವೂ ಹೌದು. ‘ವರ್ಷ ವರ್ಷವೂ ನೆಮ್ಮದಿ ಇರಲಿ’ ಎಂದು ಆ ಮಾತಿನ ಅರ್ಥ. ನಾನು ಒಡೆದದ್ದನ್ನು ಅವರು ಹಾರೈಕೆಯಾಗಿ ತಿರುಗಿಸಿಬಿಟ್ಟರು. ಚೂರುಗಳನ್ನು ಯಾರೂ ಆಚೆ ಎಸೆಯಲಿಲ್ಲ. ಆಯೀ ಕೆಂಪು ಕಾಗದದಲ್ಲಿ ಸುತ್ತಿ ಮೂಲೆಯಲ್ಲಿಟ್ಟರು. ಆಮೇಲೆ ನನ್ನ ಬಟ್ಟಲಿಗೆ ಮೊದಲಿಗಿಂತ ಹೆಚ್ಚು ಬಡಿಸಿದರು. ಆ ನಾಲ್ಕು ಶಬ್ದ ಇಲ್ಲದೆ ಹೋಗಿದ್ದರೆ ಆ ಮೇಜಿನ ಸುತ್ತ ಕೂತವರೆಲ್ಲ ಏನು ಮಾಡಬೇಕಿತ್ತು, ನಾನು ಎಲ್ಲಿ ಮುಖ ಇಟ್ಟುಕೊಳ್ಳಬೇಕಿತ್ತು ಎಂದು ಬಹಳ ಸಲ ಯೋಚಿಸಿದ್ದೇನೆ.

ಹೀಗೆ ಹೇಳುತ್ತಾ ಹೋದರೆ ಎಲ್ಲ ಚಂದವೇ ಎಂದು ನೀವು ತಿಳಿದೀರಿ. ಹಾಗಲ್ಲ. ಸದ್ದಿನ ಈ ಅಂಜಿಕೆ ಅಧಿಕಾರದವರ ಕೈಗೆ ಸಿಕ್ಕಾಗ ಏನಾಯಿತು ಎಂಬುದನ್ನೂ ನೋಡಬೇಕು.

ಚೀನಾದಲ್ಲಿ ಚಕ್ರವರ್ತಿಯ ಹೆಸರಿನ ಅಕ್ಷರವನ್ನು ಯಾರೂ ಬರೆಯಕೂಡದು, ಉಚ್ಚರಿಸಕೂಡದು. ಮನೆಯೊಳಗೆ ಅಪ್ಪ, ಅಜ್ಜನ ಹೆಸರಿಗೂ ಅದೇ ಕಟ್ಟು. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಟ್ಟು ಸಂತೋಷಪಡುತ್ತೇವಲ್ಲ, ಅಲ್ಲಿ ಅದು ಹಿರಿಯರಿಗೆ ಮಾಡುವ ಅವಮಾನ. ಬೀಜಿಂಗ್‌ನ ಅರಮನೆ ನೋಡಲು ಹೋದವರು ಹೊರಗೆ ಬರುವುದು ಸಾಮಾನ್ಯವಾಗಿ ಉತ್ತರದ ಶೆನ್‌ವೂ ಬಾಗಿಲಿನಿಂದ. ಅದರ ಮೂಲ ಹೆಸರು ಶುವಾನ್‌ವೂ. ಕಾಂಗ್‌ಶೀ ಚಕ್ರವರ್ತಿಯ ಸ್ವಂತ ಹೆಸರು ಶುವಾನ್‌ಯ ಆದ್ದರಿಂದ ಬಾಗಿಲು ಹೆಸರು ಬದಲಿಸಿಕೊಂಡಿತು. ಬಾಗಿಲಿಗೇನು ನೋವಿಲ್ಲ, ಬಿಡಿ. ಕವಿ ಲೀ ಹೆ (790–816) ಎಂಬುವನಿಗೆ ಆದದ್ದು ಕೇಳಿ. ಚಿಕ್ಕ ವಯಸ್ಸಿನಲ್ಲೇ ಹೆಸರು ಮಾಡಿದ್ದ. ದೊಡ್ಡ ಸರ್ಕಾರಿ ಪರೀಕ್ಷೆಯ ಪದವಿಗೆ ‘ಜಿನ್‌ಶ’ ಎನ್ನುತ್ತಿದ್ದರು. ಅವನ ಅಪ್ಪನ ಹೆಸರು ಜಿನ್‌ಸು. ಮಗ ‘ಜಿನ್’ ಆದರೆ ಅಪ್ಪನ ಹೆಸರಿಗೆ ಅಪಚಾರ ಎಂದು ಪ್ರತಿಸ್ಪರ್ಧಿಗಳು ಗುಲ್ಲೆಬ್ಬಿಸಿದರು. ಆ ಕಾಲದ ದೊಡ್ಡ ವಿದ್ವಾಂಸ ಹಾನ್ ಯೂ ಹುಡುಗನ ಪರವಾಗಿ ಬರೆದ: ಅಪ್ಪನ ಹೆಸರು ‘ರೆನ್’ ಎಂದಿದ್ದರೆ ಮಗ ಮನುಷ್ಯನೇ ಆಗಕೂಡದೇ? ಚೀನೀಯಲ್ಲಿ ಮನುಷ್ಯನಿಗೂ ‘ರೆನ್’ ಎಂದೇ ಅನ್ನಬೇಕು. ಇಂಥ ತರ್ಕವೂ ಉಪಯೋಗಕ್ಕೆ ಬರಲಿಲ್ಲ. ಲೀ ಹೆ ಜಿನ್‌ಶ ಆಗಲಿಲ್ಲ, ಮೂವತ್ತು ತುಂಬುವ ಮೊದಲೇ ತೀರಿಕೊಂಡ. ಅವನ ವೈರಿಗಳು ಅಂಬಿಗರ ಹಾಗೆ ಮುಳುಗುವುದಕ್ಕೆ ಅಂಜಿದವರಲ್ಲ. ಅವರಿಗೆ ಒಬ್ಬ ಜಾಣ ಹುಡುಗ ದಾರಿಗೆ ಅಡ್ಡವಾಗಿದ್ದ, ನಿಷೇಧ ಕೈಗೆ ಸಿಕ್ಕ ಕಲ್ಲಾಗಿತ್ತು.

ಸೊಂಗ್ ರಾಜವಂಶದ ಕಾಲದ ತಿಯಾನ್ ಡಂಗ್ ಎಂಬ ಅಧಿಕಾರಿಯ ಕಥೆ ಅಲ್ಲಿನ ಮಕ್ಕಳಿಗೂ ಗೊತ್ತು. ದೀಪಕ್ಕೆ ‘ಡಂಗ್’ ಎನ್ನಬೇಕು. ತನ್ನ ಹೆಸರಿನ ಸದ್ದು ಯಾರ ಬಾಯಲ್ಲೂ ಬರಕೂಡದೆಂದು ಆತ ಆಜ್ಞೆ ಮಾಡಿದ. ತಪ್ಪಿ ಆಡಿದವರಿಗೆ ಛಡಿ ಏಟು. ಊರಿನವರು ದೀಪ ಎನ್ನಲಾಗದೆ ‘ಬೆಂಕಿ’ ಎನ್ನತೊಡಗಿದರು. ಮೊದಲ ತಿಂಗಳ ಹುಣ್ಣಿಮೆಗೆ ದೀಪಗಳ ಹಬ್ಬ ಬಂತು. ‘ಪದ್ಧತಿಯಂತೆ ಮೂರು ದಿನ ದೀಪ ಹಚ್ಚಲಾಗುವುದು’ ಎಂದು ಪ್ರಕಟಣೆ ಹಾಕಬೇಕು. ಗುಮಾಸ್ತರು ಬರೆದರು: ‘ಪದ್ಧತಿಯಂತೆ ಈ ಊರಿಗೆ ಮೂರು ದಿನ ಬೆಂಕಿ ಇಡಲಾಗುವುದು.’ ಅಲ್ಲಿಂದ ಹುಟ್ಟಿದ ಗಾದೆ ಇವತ್ತೂ ಬಳಕೆಯಲ್ಲಿದೆ: ಅಧಿಕಾರಿ ಬೆಂಕಿ ಇಟ್ಟರೂ ಸೈ, ಪ್ರಜೆ ದೀಪ ಹಚ್ಚಿದರೂ ತಪ್ಪು.

ಇಷ್ಟಕ್ಕೇ ನಿಂತಿದ್ದರೆ ನಗಬಹುದಿತ್ತು. 1777ರಲ್ಲಿ ವಾಂಗ್ ಶೀಹೌ ಎಂಬ ನಿಘಂಟುಕಾರನನ್ನು ಚಿಯಾನ್‌ಲೊಂಗ್ ಚಕ್ರವರ್ತಿ ಕೊಲ್ಲಿಸಿದ. ದೊರೆಗಳ ಹೆಸರಿನ ಅಕ್ಷರಗಳನ್ನು ಒಂದು ಗೆರೆಯನ್ನೂ ಬಿಡದೆ ಪೂರ್ತಿಯಾಗಿ ಅಚ್ಚು ಮಾಡಿದ್ದು ಅವನ ಅಪರಾಧ. ಅವನು ಅವನ್ನು ಕೊಟ್ಟಿದ್ದು ಯಾವ ಅಕ್ಷರಗಳನ್ನು ಬರೆಯಬಾರದು ಎಂದು ಓದುವವರಿಗೆ ತಿಳಿಯಲಿ ಎಂದೇ.

ಮನೆಯೊಳಗಿನ ಕ್ರೌರ್ಯಕ್ಕೆ ಬೇರೆ ಲೆಕ್ಕ. ಲು ಶುನ್ 1924ರಲ್ಲಿ ಬರೆದ ಒಂದು ಕಥೆಯಲ್ಲಿ ಎರಡು ಸಲ ಗಂಡನನ್ನು ಕಳೆದುಕೊಂಡ ಕೆಲಸದವಳೊಬ್ಬಳಿದ್ದಾಳೆ. ಇಡೀ ವರ್ಷ ಮನೆಯ ಕೆಲಸವೆಲ್ಲ ಅವಳದೇ. ವರ್ಷದ ಕೊನೆಯ ಪೂಜೆಗೆ ಮಾತ್ರ ಅವಳು ಬಟ್ಟಲು ಮುಟ್ಟಬಾರದು, ಕಡ್ಡಿ ಜೋಡಿಸಬಾರದು. ದೋಷ ಕಳೆಯಲು ದುಡಿದ ಹಣವೆಲ್ಲ ಸುರಿದು ಗುಡಿಗೆ ಹೊಸ್ತಿಲು ಮಾಡಿಸಿಕೊಡುತ್ತಾಳೆ. ತನ್ನ ಬದಲು ಅದನ್ನು ಜನ ತುಳಿಯಲಿ ಎಂದು. ಅದಾದ ಮೇಲೂ ಯಜಮಾನಿ ‘ಮುಟ್ಟಬೇಡ’ ಎನ್ನುತ್ತಾಳೆ. ಕೊನೆಗೆ ಬೀದಿಗೆ ಬಿದ್ದು, ಹಬ್ಬದ ಹೊತ್ತಿನಲ್ಲೇ ಸಾಯುತ್ತಾಳೆ. ಸಾಯಲು ಇದೇ ಹೊತ್ತು ಬೇಕಿತ್ತೇ ಎಂದು ಯಜಮಾನ ಗೊಣಗುತ್ತಾನೆ. ಹಬ್ಬದ ದಿನ ಸಾವಿನ ಮಾತು ಬೇಡ ಎನ್ನುವ ಅದೇ ಮೃದುವಾದ ಕಟ್ಟಳೆ, ಒಬ್ಬಳನ್ನು ಹೊಸ್ತಿಲಾಚೆ ತಳ್ಳಿದ ಮೇಲೆ ಹೇಗೆ ಕಾಣುತ್ತದೆ ನೋಡಿ. ನಾನು ಇದಕ್ಕೆ ಸಂಸ್ಕೃತಿ ಎಂದು ಹೆಸರಿಟ್ಟು ಸುಮ್ಮನಿರಲಾರೆ.

ಬಾಣಂತಿಯರದೂ ಹೀಗೆಯೇ. ಹೆರಿಗೆಯಾದ ಮೇಲಿನ ತಿಂಗಳನ್ನು ಅಲ್ಲಿ ‘ತಿಂಗಳು ಕೂರುವುದು’ ಎನ್ನುತ್ತಾರೆ. ತಣ್ಣೀರು ಮುಟ್ಟಬಾರದು, ಗಾಳಿಗೆ ಬರಬಾರದು, ತಲೆ ತೊಳೆಯಬಾರದು. ಬಾಣಂತನ ಕಂಡ ನಮಗೆ ಇದರಲ್ಲಿರುವ ಆರೈಕೆ ಅರ್ಥವಾಗುತ್ತದೆ: ಅತ್ತೆ ಮಾವನ ಮನೆಯಲ್ಲಿ ಸೊಸೆಗೆ ಸಿಗುವ ಒಂದೇ ವಿಶ್ರಾಂತಿ ಅದಾಗಿತ್ತು. ಆದರೆ ಜುಲೈ ಬಿಸಿಲಿನಲ್ಲಿ ಕಿಟಕಿ ಮುಚ್ಚಿ, ಕಂಬಳಿ ಹೊದಿಸಿ, ಬಾಣಂತಿಯರು ಶಾಖದ ಹೊಡೆತಕ್ಕೆ ಸತ್ತ ಸುದ್ದಿಗಳು ಚೀನಾದ ಪತ್ರಿಕೆಗಳಲ್ಲಿ ಬಂದಿವೆ. ಅಲ್ಲಿನ ವೈದ್ಯರೇ ಕಿಟಕಿ ತೆರೆಯಿರಿ, ಸ್ನಾನ ಮಾಡಿಸಿ ಎಂದು ಪ್ರತಿ ಬೇಸಿಗೆ ಹೇಳುತ್ತಿದ್ದಾರೆ.

ಆಯೀ ಒಂದು ದಿನವೂ ಇವನ್ನು ಮೂಢನಂಬಿಕೆ ಎಂದು ಕರೆಯಲಿಲ್ಲ. ಆ ಪದ, ‘ಮೀಶಿನ್’, ಈಗಿನ ಅರ್ಥದಲ್ಲಿ ಚೀನೀಗೆ ಬಂದದ್ದು ಇಪ್ಪತ್ತನೇ ಶತಮಾನದ ಆಸುಪಾಸಿನಲ್ಲಿ, ಜಪಾನಿನ ಕಡೆಯಿಂದ. ಮಾವೋ ಕಾಲದಲ್ಲಿ ಅದಕ್ಕೆ ‘ಊಳಿಗಮಾನ್ಯ’ ಎಂಬ ವಿಶೇಷಣವೂ ಅಂಟಿತು. 1966ರಲ್ಲಿ ಹಳೆಯದನ್ನೆಲ್ಲ ಒಡೆಯುವ ಚಳವಳಿ ಶುರುವಾಯಿತು. 1967ರಲ್ಲಿ ವಸಂತದ ಹಬ್ಬದ ರಜೆಯನ್ನೇ ಸರ್ಕಾರ ರದ್ದು ಮಾಡಿತು. ಆಗ ಆಯೀ ಶಾಲೆಗೆ ಹೋಗುವ ಹುಡುಗಿ. ಆ ವರ್ಷ ಅಮ್ಮ ಒಲೆಯ ದೇವರ ಚಿತ್ರ ಅಂಟಿಸಲಿಲ್ಲ, ಊದುಬತ್ತಿ ಹಚ್ಚಲಿಲ್ಲ ಎಂದು ಹೇಳಿದರು. ಹಾಗಾದರೆ ಬಟ್ಟಲು ಒಡೆದರೆ ಏನು ಮಾಡ್ತಿದ್ದಿರಿ ಎಂದು ಕೇಳಿದೆ. ‘ಮೆಲ್ಲಗೆ ಹೇಳ್ತಿದ್ದೆವು’ ಅಂದರು. ಅವರ ಬಾಯಲ್ಲಿ ಇದಕ್ಕೆಲ್ಲ ಇದ್ದ ಪದ ‘ಜ್ಯಾಂಗ್‌ಜ್ಯೂ’. ಅಚ್ಚುಕಟ್ಟು, ಪದ್ಧತಿ, ನಾಜೂಕು, ಮೂರೂ ಸೇರಿದ ಮಾತು. ಒಬ್ಬರ ಮನೆಗೆ ಹೋದಾಗ ಹೇಗೆ ನಡೆಯಬೇಕೆಂಬ ಅರಿವು ಅದರಲ್ಲಿದೆ. ಹೆರರ ಕಿವಿಗೆ ನೋವಾಗದ ಹಾಗೆ ಮಾತಾಡುವ ಶ್ರಮವಿದೆ. ನನ್ನ ಗಡಿಯಾರಕ್ಕೆ ನಾಣ್ಯ ಕೊಟ್ಟದ್ದು ಆ ಜ್ಯಾಂಗ್‌ಜ್ಯೂ. ಲೀ ಹೆಯನ್ನು ಪರೀಕ್ಷೆಯಿಂದ ತಡೆದದ್ದಕ್ಕೆ ಆಯೀ ಆ ಪದ ಬಳಸುತ್ತಿರಲಿಲ್ಲ ಎಂದು ನನಗೆ ಖಾತ್ರಿಯಿದೆ.

ಮಾತು ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ಕೇಳಿದರು: ‘ನಮ್ಮ ಹಾಗೆ ಅವರಿಗೂ ಪಂಚಾಂಗದ ಕಾಟ ಇದೆಯೇನಮ್ಮಾ? ಈ ವರ್ಷ ಮದುವೆ ಬೇಡ ಅನ್ನುವ ಥರ?’

ಇದೆ ಸರ್. ಅದರ ಹಿಂದಿನ ಲೆಕ್ಕ ನಮಗೆ ಚೆನ್ನಾಗಿ ಅರ್ಥವಾಗುವಂಥದ್ದು, ಏಕೆಂದರೆ ಅದು ಅಧಿಕಮಾಸದ ಲೆಕ್ಕ. ಚಾಂದ್ರ ವರ್ಷಕ್ಕೆ ಸುಮಾರು 354 ದಿನ, ಸೂರ್ಯನ ವರ್ಷಕ್ಕೆ 365. ಅದನ್ನು ಸರಿದೂಗಿಸಲು ಅವರೂ 19 ವರ್ಷದಲ್ಲಿ 7 ಅಧಿಕಮಾಸ ಸೇರಿಸುತ್ತಾರೆ. ‘ವಸಂತಾರಂಭ’ ಎಂಬುದು ಸೂರ್ಯನ ಲೆಕ್ಕದ ದಿನ, ಫೆಬ್ರುವರಿ 4ರ ಹೊತ್ತಿಗೆ ಬರುತ್ತದೆ. ಅಧಿಕಮಾಸ ಬಂದ ಉದ್ದನೆಯ ವರ್ಷಕ್ಕೆ ಎರಡು ವಸಂತಾರಂಭ ಸಿಗುತ್ತವೆ, ಕೆಲವು ಗಿಡ್ಡ ವರ್ಷಗಳಿಗೆ ಒಂದೂ ಸಿಗುವುದಿಲ್ಲ. ಆ ವಸಂತವಿಲ್ಲದ ವರ್ಷಕ್ಕೆ ‘ವಿಧವೆ ವರ್ಷ’ ಎಂದು ಹೆಸರು, ಮದುವೆಗೆ ಒಳ್ಳೆಯದಲ್ಲವಂತೆ. 2024ರ ಫೆಬ್ರುವರಿ 10ರಿಂದ 2025ರ ಜನವರಿ 28ರವರೆಗಿನ ಡ್ರ್ಯಾಗನ್ ವರ್ಷ ಹಾಗೇ ಇತ್ತು. ಅದರ ಹಿಂದಿನ ಮೊಲದ ವರ್ಷಕ್ಕೆ ಎರಡು ವಸಂತ. ನನ್ನ ಗೆಳತಿಗೆ ಅವಳಮ್ಮ ಹಬ್ಬದ ಒಳಗೆ ನೋಂದಣಿ ಮುಗಿಸು ಎಂದು ಬೆನ್ನು ಹತ್ತಿದ್ದರು, ಮುಗಿಸಿದಳು. 2023ರಲ್ಲಿ ಚೀನಾದಲ್ಲಿ ನೋಂದಣಿಯಾದ ಮದುವೆ 76.8 ಲಕ್ಷ, 2024ರಲ್ಲಿ 61.06 ಲಕ್ಷ. ಇಡೀ ಇಳಿತವನ್ನು ಪಂಚಾಂಗದ ತಲೆಗೆ ಕಟ್ಟುವುದು ತಪ್ಪು. ಕೋವಿಡ್‌ನಲ್ಲಿ ಮುಂದೂಡಿದ ಮದುವೆಗಳು 2023ರಲ್ಲಿ ನಡೆದವು, ಮದುವೆ ವಯಸ್ಸಿನವರೇ ಕಡಿಮೆಯಾಗುತ್ತಿದ್ದಾರೆ, ಮನೆ ಕೊಳ್ಳುವುದು ದುಬಾರಿ. ಆದರೆ ಅಮ್ಮಂದಿರ ಪಾಲೂ ಇದರಲ್ಲಿದೆ ಎಂದು ನಾನು ನಂಬುತ್ತೇನೆ. ಚಂದ್ರನಿಗೂ ಸೂರ್ಯನಿಗೂ ಹನ್ನೊಂದು ದಿನ ವ್ಯತ್ಯಾಸ ಬಂದದ್ದಕ್ಕೆ ಹುಡುಗಿಯರಿಗೆ ವೈಧವ್ಯದ ಹೆದರಿಕೆ ಹಾಕುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ.

ಎರಡನೆಯ ಪ್ರಶ್ನೆ ಕೇಳಿದ್ದು ಕಾಲೇಜಿನ ಹುಡುಗಿ: ‘ಈಗಿನವರೂ ಇದನ್ನೆಲ್ಲ ಮಾಡ್ತಾರಾ ಮೇಡಂ, ಅಥವಾ ಅಜ್ಜಿಯರ ಜೊತೆ ಹೋಯ್ತಾ?’

ಹೊಸದನ್ನು ಹುಟ್ಟಿಸುತ್ತಿದ್ದಾರಮ್ಮ. ಜೂನ್ 7ಕ್ಕೆ ಅಲ್ಲಿ ಕಾಲೇಜು ಪ್ರವೇಶದ ದೊಡ್ಡ ಪರೀಕ್ಷೆ ಶುರು. ಅಮ್ಮಂದಿರು ‘ಚೀಪಾವ್’ ಎಂಬ ಹಳೆಯ ಕಾಲದ ಉಡುಪು ಹಾಕಿ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ನಿಲ್ಲುತ್ತಾರೆ. ಬಾವುಟ ಬಿಚ್ಚುತ್ತಲೇ ಗೆಲುವು ಎಂಬ ಅವರ ನುಡಿಗಟ್ಟಿನಲ್ಲಿ ಬಾವುಟಕ್ಕೆ ‘ಚೀ’ ಎನ್ನುತ್ತಾರೆ. 2024ರಲ್ಲಿ ಆಫೀಸುಗಳಲ್ಲಿ ಒಂದು ಹೊಸ ಪದ್ಧತಿ ಬಂತು. ಗೆಳತಿ ಫೋಟೊ ಕಳಿಸಿದ್ದಳು. ಅವಳ ಮೇಜಿನ ಮೇಲೆ ನೀರು ತುಂಬಿದ ಹೂದಾನಿ, ಅದರಲ್ಲಿ ಕಾಂಡ ಸಮೇತ ನಿಲ್ಲಿಸಿದ ಎಳೆಯ ಬಾಳೆಗೊನೆ. ಹಸಿರು ಬಾಳೆ ‘ಜ್ಯಾವ್ ಲ್ಯೂ’. ಆತಂಕಕ್ಕೂ ‘ಜ್ಯಾವ್‌ಲ್ಯೂ’. ಗೊನೆಗೆ ಒಂದು ಚೀಟಿ ಕಟ್ಟಿದ್ದರು: ‘ಹಸಿರು ಬಾಳೆ ನಿಷೇಧಿಸಲಾಗಿದೆ.’ ಅಂದರೆ, ಇಲ್ಲಿ ಆತಂಕಪಡುವಂತಿಲ್ಲ. ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಕೂರುವ ಹುಡುಗ ಹುಡುಗಿಯರು ಒಂದೊಂದು ಕಾಯಿಯ ಮೇಲೂ ಪೆನ್ನಿನಿಂದ ತಮ್ಮ ತಮ್ಮ ಹೆಸರು ಬರೆದಿದ್ದರು. ವಾರ ಕಳೆದ ಮೇಲೆ ಇನ್ನೊಂದು ಫೋಟೊ ಬಂತು: ಗೊನೆ ಹಳದಿಯಾಗಿತ್ತು, ಮೂರೇ ಹಣ್ಣು ಉಳಿದಿದ್ದವು. ಒಂದರ ಮೇಲೆ ನನ್ನ ಹೆಸರು ಬರೆದಿದ್ದಳು.